ಡೆಕೂಪಾಜ್: ಅಂಟಿಸಿದ ಚಿತ್ರ ಮಳೆಗಾಲ ದಾಟಬೇಕಾದರೆ

ಹೊಸ ವರ್ಷದ ಕ್ಯಾಲೆಂಡರ್ ಗೋಡೆ ಏರಿದ ದಿನವೇ ಹಳೆಯದು ರದ್ದಿಯ ಕಟ್ಟಿಗೆ ಸೇರುತ್ತದೆ. ಅದರ ಜೊತೆಗೆ ಕ್ರಿಸ್ಮಸ್ ಕಾರ್ಡುಗಳು, ಮದುವೆಯ ಕರೆಯೋಲೆಗಳು, ಉಡುಗೊರೆಗೆ ಸುತ್ತಿ ಬಂದ ಬಣ್ಣದ ಕಾಗದ ಎಲ್ಲವೂ ಹೊರಟು ಹೋಗುತ್ತವೆ. ಇನ್ನೊಂದೆಡೆ ಅಟ್ಟದ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ, ಬಣ್ಣ ಮಾಸಿದ ಮರದ ಟ್ರೇ, ಖಾಲಿ ಜ್ಯಾಮ್ ಬಾಟಲಿ, ಮಾಡು ಬದಲಿಸಿದಾಗ ಉಳಿದ ಹಂಚುಗಳು ಧೂಳು ಹಿಡಿದು ಕುಳಿತಿರುತ್ತವೆ. ಈ ಎರಡನ್ನೂ ಒಂದುಗೂಡಿಸಿ ಮನೆಗೆ ಅಂದದ ವಸ್ತುವೊಂದನ್ನು ಕೊಡುವ ಕೈಕೆಲಸಕ್ಕೆ ಡೆಕೂಪಾಜ್ ಎಂದು ಹೆಸರು. ಕಾಗದದ ಚಿತ್ರವನ್ನು ಕತ್ತರಿಸಿ, ವಸ್ತುವಿನ ಮೇಲೆ ಅಂಟಿಸಿ, ಅದರ ಮೇಲೆ ಮೆರುಗಿನ ಪದರಗಳನ್ನು ಹಚ್ಚಿ, ಚಿತ್ರವು ಆ ವಸ್ತುವಿನ ಮೇಲೆಯೇ ಬರೆದದ್ದೆಂಬಂತೆ ಕಾಣಿಸುವುದೇ ಇದರ ಸಾರ.

ಸ್ತ್ರೀ ಸಂಘಟನೆಗಳಿಗೆ, ಸ್ವಸಹಾಯ ಗುಂಪುಗಳಿಗೆ, ಮಕ್ಕಳ ಬೇಸಿಗೆ ಶಿಬಿರಗಳಿಗೆ ಇದು ಚೆನ್ನಾಗಿ ಹೊಂದುವ ಕೆಲಸ. ಯಂತ್ರ ಬೇಡ, ದೊಡ್ಡ ಬಂಡವಾಳ ಬೇಡ, ಚಿತ್ರ ಬಿಡಿಸಲು ಬರಬೇಕೆಂದೂ ಇಲ್ಲ. ಆದರೆ ಒಂದು ತೊಂದರೆ ಇದೆ. ಒಂದು ಮಧ್ಯಾಹ್ನದಲ್ಲಿ ಕಲಿತು, ಅಂದೇ ಮುಗಿಸಿ ಮನೆಗೆ ಒಯ್ದ ಟ್ರೇ ಡಿಸೆಂಬರಿನಲ್ಲಿ ಹೊಳೆಯುತ್ತದೆ. ಜುಲೈ ಬರುವಷ್ಟರಲ್ಲಿ ಅಂಚು ಏಳುತ್ತದೆ, ಮಧ್ಯೆ ಗುಳ್ಳೆ ಬರುತ್ತದೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಸ್ವಂತಕ್ಕೆ ಮಾಡಿದ್ದಾದರೆ ಬೇಸರವಷ್ಟೇ. ಮಾರಿದ್ದಾದರೆ, ಕೊಂಡವರು ಮುಂದಿನ ವರ್ಷ ಆ ಮೇಜಿನ ಹತ್ತಿರ ಸುಳಿಯುವುದಿಲ್ಲ. ನಾಲ್ಕು ಕಾಸು ಸಂಪಾದಿಸುವ ಆಸೆಯಿಂದ ಶ್ರಮಪಟ್ಟ ಗೃಹಿಣಿಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಒಂದು ಮಳೆಗಾಲವನ್ನು ದಾಟುವಂತೆ ಈ ಕೆಲಸ ಮಾಡುವುದು ಹೇಗೆ ಎಂಬುದನ್ನೇ ನಾವು ಇಲ್ಲಿ ವಿವರಿಸುತ್ತಿದ್ದೇವೆ.

ಈ ಕಲೆ ಬಂದ ದಾರಿ

ಡೆಕೂಪಾಜ್ ಎಂಬುದು ಫ್ರೆಂಚ್ ಭಾಷೆಯ ಪದ. ಕತ್ತರಿಸಿ ತೆಗೆಯುವುದು ಎಂದು ಅರ್ಥ. ಆದರೆ ಇಂದು ನಾವು ಕಲಿಯುವ ರೂಪಕ್ಕೆ ಇಟಲಿಯ ವೆನಿಸ್ ನಗರದ ಋಣ ಹೆಚ್ಚು. ಚೀನಾ, ಜಪಾನ್‌ಗಳಿಂದ ಬರುತ್ತಿದ್ದ ಲ್ಯಾಕರ್ ಪೀಠೋಪಕರಣಗಳಿಗೆ ಆ ಕಾಲದ ಯುರೋಪಿನ ಶ್ರೀಮಂತರಲ್ಲಿ ಬಹಳ ಬೇಡಿಕೆ ಇತ್ತು. ಅಲ್ಲಿನ ಲ್ಯಾಕರ್ ಒಂದು ಜಾತಿಯ ಮರದ ಹಾಲಿನಿಂದ ತಯಾರಾಗುವ ಮೆರುಗು. ನಮ್ಮ ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವ ಅರಗು ಬೇರೆ. ನಿಜವಾದ ಲ್ಯಾಕರ್ ಸಾಮಾನು ದುಬಾರಿಯಾಗಿದ್ದುದರಿಂದ ಹದಿನೆಂಟನೇ ಶತಮಾನದ ವೆನಿಸ್ ಕುಶಲಕರ್ಮಿಗಳು ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬಿ, ಕತ್ತರಿಸಿ, ಮರದ ಮೇಲೆ ಅಂಟಿಸಿ, ಹತ್ತಾರು ಸಲ ವಾರ್ನಿಶ್ ಹಚ್ಚತೊಡಗಿದರು. ಇದಕ್ಕೆ 'ಲಾಕಾ ಪೊವೆರಾ', ಅಂದರೆ ಬಡವರ ಲ್ಯಾಕರ್, ಎಂಬ ಹೆಸರು ಬಂತು. ವೆನಿಸ್‌ಗೆ ಸಮೀಪದ ಬಸ್ಸಾನೊ ಊರಿನ ರೆಮೊಂದಿನಿ ಮುದ್ರಣಾಲಯ ಹೀಗೆ ಕತ್ತರಿಸಲೆಂದೇ ಚಿತ್ರದ ಹಾಳೆಗಳನ್ನು ಅಚ್ಚು ಹಾಕಿ ಮಾರುತ್ತಿತ್ತು.

ಕಾಗದ ಕತ್ತರಿಸುವ ಕಲೆಯಲ್ಲಿ ನೆನೆಯಬೇಕಾದ ಇನ್ನೊಂದು ಹೆಸರು ಇಂಗ್ಲೆಂಡಿನ ಮೇರಿ ಡೆಲಾನಿ. 1700ರಲ್ಲಿ ಹುಟ್ಟಿದ ಈಕೆ ಬಣ್ಣದ ಕಾಗದದ ಚೂರುಗಳನ್ನು ಕಪ್ಪು ಹಾಳೆಯ ಮೇಲೆ ಅಂಟಿಸಿ ಹೂಗಿಡಗಳ ಚಿತ್ರ ಮಾಡಲು ಆರಂಭಿಸಿದ್ದು 1772ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ. ಕಣ್ಣು ಮಂದವಾಗುವವರೆಗಿನ ಸುಮಾರು ಹತ್ತು ವರ್ಷಗಳಲ್ಲಿ ಆಕೆ ಮಾಡಿದ ಚಿತ್ರಗಳು ಸಾವಿರಕ್ಕೆ ಸಮೀಪ. ಅವು ಇಂದಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿವೆ. ವಯಸ್ಸಾಯಿತು, ಇನ್ನೇನು ಕಲಿಯುವುದು ಎನ್ನುವ ನಮ್ಮ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ.

ಬೇಕಾಗುವ ಸಾಮಗ್ರಿ

1. ಒಂದು ಸಾಧಾರಣ ಕತ್ತರಿ, ಮತ್ತು ಉಗುರು ಕತ್ತರಿಸುವ ಬಾಗಿದ ತುದಿಯ ಸಣ್ಣ ಕತ್ತರಿ.
2. ಫೆವಿಕಾಲ್‌ನಂಥ ಬಿಳಿ ಅಂಟು. ಎರಡು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿದರೆ ಹದವಾಗುತ್ತದೆ.
3. 120, 220 ಮತ್ತು 400 ನಂಬರಿನ ಸ್ಯಾಂಡ್‌ಪೇಪರ್.
4. ಬಿಳಿ ಪ್ರೈಮರ್, ಮೇಲೆ ಹಚ್ಚಲು ಬೇಕಾದ ಆಕ್ರಿಲಿಕ್ ಬಣ್ಣ.
5. ನೀರು ಬೆರೆಸಿ ಹಚ್ಚುವ ಬಗೆಯ ಪಾರದರ್ಶಕ ವಾರ್ನಿಶ್.
6. ಒಂದು ಇಂಚಿನ ಮೆತ್ತನೆಯ ಕುಂಚ ಎರಡು, ಹಳೆಯ ಹತ್ತಿ ಬಟ್ಟೆ, ಒಂದು ತುಂಡು ಸ್ಪಂಜು.

ಇವೆಲ್ಲವೂ ಹಾರ್ಡ್‌ವೇರ್ ಮತ್ತು ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತವೆ. ಡೆಕೂಪಾಜ್‌ಗೆಂದೇ ಬರುವ ವಿದೇಶಿ ಅಂಟು ಕೊಂಡರೆ ಕೆಲಸ ಸ್ವಲ್ಪ ಸಲೀಸು, ಆದರೆ ಕಲಿಯುವವರಿಗೆ ಅದು ಕಡ್ಡಾಯವಲ್ಲ.

ಚಿತ್ರದ ಆಯ್ಕೆ

ತೆಳುವಾದ ಕಾಗದ ಒಳ್ಳೆಯದು. ದಪ್ಪ ಕಾರ್ಡಿನ ಅಂಚು ಎಷ್ಟು ವಾರ್ನಿಶ್ ಹಚ್ಚಿದರೂ ಎದ್ದು ಕಾಣುತ್ತದೆ. ಹೂವಿನ ಚಿತ್ರವಿರುವ ಊಟದ ಮೇಜಿನ ಟಿಶ್ಯೂ ನ್ಯಾಪ್ಕಿನ್ ಬಳಸುವುದಾದರೆ, ಅದರ ಎರಡು ಮೂರು ಪದರಗಳನ್ನು ಬಿಡಿಸಿ ಚಿತ್ರವಿರುವ ಮೇಲಿನ ಪದರವನ್ನು ಮಾತ್ರ ತೆಗೆದುಕೊಳ್ಳಬೇಕು. ದಿನಪತ್ರಿಕೆಯ ಕಾಗದ ಬೇಗ ಹಳದಿಯಾಗುತ್ತದೆ, ಹಿಂಬದಿಯ ಅಕ್ಷರವೂ ತೋರುತ್ತದೆ. ಕಂಪ್ಯೂಟರಿನಿಂದ ಮುದ್ರಿಸುವುದಾದರೆ ಲೇಸರ್ ಪ್ರಿಂಟ್ ಅಥವಾ ಕಲರ್ ಝೆರಾಕ್ಸ್ ಮಾಡಿಸಿ. ಸಾಮಾನ್ಯ ಇಂಕ್‌ಜೆಟ್ ಪ್ರಿಂಟಿನ ಬಣ್ಣ ಅಂಟು ತಾಗಿದೊಡನೆ ಹರಡಿಬಿಡುತ್ತದೆ.

ಅಜ್ಜ, ಅಜ್ಜಿಯ ಫೋಟೋ, ಹಳೆಯ ಮದುವೆಯ ಚಿತ್ರ ಮುಂತಾದವುಗಳ ಮೂಲಪ್ರತಿಯನ್ನು ಎಂದಿಗೂ ಕತ್ತರಿಸಬಾರದು. ಒಮ್ಮೆ ಅಂಟಿಸಿ ವಾರ್ನಿಶ್ ಹಚ್ಚಿದ ಫೋಟೋವನ್ನು ಮರಳಿ ಪಡೆಯುವ ದಾರಿ ಇಲ್ಲ. ಝೆರಾಕ್ಸ್ ಮಾಡಿಸಿ ಪ್ರತಿಯನ್ನೇ ಬಳಸಿ.

ನಮ್ಮ ಮನೆಗಳ ಕ್ಯಾಲೆಂಡರುಗಳಲ್ಲಿ ಪವಿತ್ರ ಚಿತ್ರಗಳೇ ಹೆಚ್ಚು. ಅವುಗಳನ್ನು ಗೋಡೆಗೆ ತೂಗುವ ಫಲಕಕ್ಕೋ ಜಪಸರ ಇಡುವ ಪೆಟ್ಟಿಗೆಗೋ ಬಳಸಬಹುದು. ಚಹಾದ ಕಪ್ ಇಡುವ ಟ್ರೇಗೆ, ನೆಲದ ಮೇಲಿಡುವ ಡಬ್ಬಕ್ಕೆ ಸಲ್ಲದು. ಕತ್ತರಿಸಿ ಉಳಿದ ತುಂಡುಗಳನ್ನು ಕಸಕ್ಕೆ ಎಸೆಯದೆ ಸುಟ್ಟು ಬೂದಿಯನ್ನು ಮಣ್ಣಿನಲ್ಲಿ ಹುಗಿಯುವುದು ಒಳಿತು.

ಕತ್ತರಿಸುವ ಕ್ರಮ

ಹೊಸಬರು ಕತ್ತರಿಯನ್ನು ತಿರುಗಿಸುತ್ತಾರೆ. ಕೈಪಳಗಿದವರು ಕಾಗದವನ್ನು ತಿರುಗಿಸುತ್ತಾರೆ. ಕತ್ತರಿ ಹಿಡಿದ ಕೈ ಒಂದೇ ಕಡೆ ಇರಲಿ, ಇನ್ನೊಂದು ಕೈ ಕಾಗದವನ್ನು ಅದರ ಬಾಯಿಗೆ ನಿಧಾನವಾಗಿ ಕೊಡುತ್ತಾ ಹೋಗಲಿ. ಕತ್ತರಿಯನ್ನು ನೆಟ್ಟಗೆ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದರೆ ಕಾಗದದ ಅಂಚು ಒಳಮುಖವಾಗಿ ಇಳಿಜಾರಾಗುತ್ತದೆ. ಆಗ ಬಿಳಿ ಅಂಚು ಕಾಣುವುದಿಲ್ಲ, ಚಿತ್ರ ತಳಕ್ಕೆ ಚೆನ್ನಾಗಿ ಕೂರುತ್ತದೆ.

ಮೊದಲು ಚಿತ್ರದ ಒಳಗಿನ ಖಾಲಿ ಜಾಗಗಳನ್ನು ತೆಗೆಯಬೇಕು, ಹೊರ ಅಂಚನ್ನು ಕೊನೆಗೆ ಕತ್ತರಿಸಬೇಕು. ಬಳ್ಳಿ, ಹುಲ್ಲಿನ ಎಸಳುಗಳಂಥ ಸಪೂರ ಭಾಗಗಳ ನಡುವೆ ಏಣಿಯ ಮೆಟ್ಟಿಲಿನಂತೆ ಸಣ್ಣ ಕಾಗದದ ಪಟ್ಟಿಗಳನ್ನು ಬಿಟ್ಟಿರಿ. ಅಂಟಿಸುವ ತನಕ ಅವು ಚಿತ್ರ ಹರಿಯದಂತೆ ಕಾಯುತ್ತವೆ. ಅಂಟಿಸುವ ಮುನ್ನ ಅವನ್ನು ಕತ್ತರಿಸಿ ತೆಗೆದರಾಯಿತು.

ಕತ್ತರಿಸುವ ಕೆಲಸಕ್ಕೆ ಬಿಸಿಲು ಬೇಡ. ಹೊರಗೆ ಹೋಗಲಾಗದ ಮಳೆಯ ದಿನಗಳಲ್ಲಿ ಚಿತ್ರಗಳನ್ನು ಕತ್ತರಿಸಿ, ಹಳೆಯ ನೋಟ್‌ಪುಸ್ತಕದ ಹಾಳೆಗಳ ನಡುವೆ ಒತ್ತಿಟ್ಟುಕೊಳ್ಳಬಹುದು. ಅಂಟಿಸುವುದು ಮಾತ್ರ ಮಳೆ ನಿಂತ ಮೇಲೆ.

ತಳವನ್ನು ಸಿದ್ಧಪಡಿಸುವುದು

ಚಿತ್ರ ಏಳುವುದಕ್ಕೆ ಬಹುಪಾಲು ಕಾರಣ ಅಂಟಲ್ಲ, ತಳ. ಮರದ ವಸ್ತುವಾದರೆ 120 ನಂಬರಿನಿಂದ ಆರಂಭಿಸಿ 220ರ ಸ್ಯಾಂಡ್‌ಪೇಪರಿನಿಂದ ನಯಗೊಳಿಸಿ, ಧೂಳು ಒರೆಸಿ, ಪ್ರೈಮರ್ ಎರಡು ಸಲ ಹಚ್ಚಿ. ತುಂಬಾ ಹಳೆಯ ಪೀಠೋಪಕರಣಗಳ ಬಣ್ಣದಲ್ಲಿ ಸೀಸ ಇರಬಹುದು. ಆದ್ದರಿಂದ ಅದನ್ನು ಒಣಗಿದ್ದಾಗ ಉಜ್ಜಬೇಡಿ. ಒದ್ದೆ ಮಾಡಿ, ಮೂಗು ಬಾಯಿ ಮುಚ್ಚಿಕೊಂಡು, ಮಕ್ಕಳಿಲ್ಲದ ಕಡೆ ಉಜ್ಜಿ.

ತಗಡಿನ ಡಬ್ಬದ ತುಕ್ಕನ್ನು ಪೂರ್ಣ ತೆಗೆದು, ತೊಳೆದು ಒಣಗಿಸಿ, ಲೋಹಕ್ಕೆ ಹಚ್ಚುವ ಪ್ರೈಮರ್ ಬಳಿಯಬೇಕು. ಬರಿಯ ತಗಡಿನ ಮೇಲೆ ನೀರಿನ ಅಂಟು ಹಚ್ಚಿದರೆ ಕೆಲವೇ ದಿನಗಳಲ್ಲಿ ಕಂದು ಕಲೆಗಳು ಕಾಗದದ ಮೂಲಕ ಹೊರಬರುತ್ತವೆ. ಗಾಜಿನ ಬಾಟಲಿಯನ್ನು ಸೋಪಿನಿಂದ ತೊಳೆದು, ಎಣ್ಣೆಯ ಅಂಶ ಉಳಿಯದಂತೆ ವಿನೆಗರಿನಿಂದ ಒರೆಸಿ.

ಹಂಚಿನ ವಿಷಯ ನಮ್ಮೂರಿನದೇ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮಂಗಳೂರು ಹಂಚಿನ ಕಥೆ ಶುರುವಾಯಿತು. ಕಾರ್ಖಾನೆಯ ಹೆಸರು, ಗುರುತು ಅಚ್ಚೊತ್ತಿದ ಹಳೆಯ ಹಂಚು ಸಿಕ್ಕಿದರೆ ಆ ಭಾಗವನ್ನು ಮುಚ್ಚದೆ ಬಿಡಿ; ಅದೇ ಅದರ ಅಲಂಕಾರ. ಉಳಿದ ಹಂಚುಗಳ ಪಾಚಿಯನ್ನು ಉಜ್ಜಿ ತೊಳೆದು, ಹಲವು ದಿನ ಬಿಸಿಲಿಗೆ ಒಣಗಿಸಬೇಕು. ಹಂಚು ನೀರು ಹೀರುವ ವಸ್ತು. ಮುಂಭಾಗಕ್ಕೆ ಮಾತ್ರ ಪ್ರೈಮರ್ ಹಚ್ಚಿ ಹಿಂಬದಿಯನ್ನು ಹಾಗೆಯೇ ಬಿಟ್ಟರೆ ತೇವ ಹಿಂದಿನಿಂದ ಒಳಸೇರಿ ಚಿತ್ರವನ್ನು ತಳ್ಳುತ್ತದೆ. ಮರದ ಟ್ರೇಗೂ ಇದೇ ಮಾತು. ಅಡಿಭಾಗ, ಅಂಚು, ಹಿಡಿಕೆಯ ತೂತು, ಎಲ್ಲ ಕಡೆಯೂ ಪ್ರೈಮರ್ ಮತ್ತು ವಾರ್ನಿಶ್ ಬೀಳಬೇಕು. ಯಾರೂ ನೋಡದ ಹಿಂಬದಿಯೇ ಮಳೆಗಾಲದಲ್ಲಿ ಮೊದಲು ಸೋಲುತ್ತದೆ.

ಅಂಟಿಸುವುದು

ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಗುಳ್ಳೆ, ಸುಕ್ಕುಗಳ ಮೂಲ ಇದೇ. ಆದ್ದರಿಂದ ಸ್ವಲ್ಪ ದಪ್ಪದ ಕಾಗದವಾದರೆ ಅಂಟಿಸುವ ಮುನ್ನ ಅದರ ಹಿಂಬದಿಯನ್ನು ಒದ್ದೆ ಸ್ಪಂಜಿನಿಂದ ಒತ್ತಿ, ಒಂದೆರಡು ನಿಮಿಷ ಹಿಗ್ಗಲು ಬಿಡಿ. ಟಿಶ್ಯೂಗೆ ಇದು ಬೇಡ, ಹರಿದುಹೋಗುತ್ತದೆ.

ತಳಕ್ಕೂ ಚಿತ್ರದ ಹಿಂಬದಿಗೂ ತೆಳುವಾಗಿ ಅಂಟು ಹಚ್ಚಿ, ಚಿತ್ರವನ್ನು ಇಟ್ಟು, ಮಧ್ಯದಿಂದ ಅಂಚಿನ ಕಡೆಗೆ ಬೆರಳಿನಿಂದಲೋ ಒದ್ದೆ ಬಟ್ಟೆಯಿಂದಲೋ ಗಾಳಿಯನ್ನೂ ಹೆಚ್ಚಾದ ಅಂಟನ್ನೂ ಹೊರದೂಡಿ. ಹೊರಬಂದ ಅಂಟನ್ನು ಕೂಡಲೇ ಒರೆಸಿ. ಒಣಗಿದ ಮೇಲೆ ಅಂಚಿನ ಉದ್ದಕ್ಕೂ ಉಗುರಿನಿಂದ ಮೆಲ್ಲನೆ ಎಬ್ಬಿಸಿ ನೋಡಿ. ಎದ್ದ ಕಡೆ ಕಡ್ಡಿಯ ತುದಿಯಿಂದ ಅಂಟು ಸೇರಿಸಿ ಒತ್ತಿ. ಗುಳ್ಳೆ ಉಳಿದಿದ್ದರೆ ಬ್ಲೇಡಿನಿಂದ ಸಣ್ಣ ಗೀರು ಹಾಕಿ, ಅಂಟು ತೂರಿಸಿ ಒತ್ತಬಹುದು. ಈ ತಪಾಸಣೆ ವಾರ್ನಿಶ್‌ಗೆ ಮುಂಚೆಯೇ ಆಗಬೇಕು. ನಂತರ ಮಾಡಿದರೆ ಪ್ರಯೋಜನವಿಲ್ಲ.

ಮೆರುಗಿನ ಪದರಗಳು

ಚಿತ್ರದ ಮೇಲೆ ಮೊದಲು ಅದೇ ತೆಳು ಅಂಟನ್ನು ಒಂದೆರಡು ಸಲ ಹಚ್ಚಿ ಒಣಗಿಸಿ. ಕಾಗದವನ್ನು ಹೀಗೆ ಮುಚ್ಚದೆ ಎಣ್ಣೆ ವಾರ್ನಿಶ್ ಹಚ್ಚಿದರೆ ಎಣ್ಣೆ ಇಳಿದ ಕಡೆ ಕಲೆ ಬೀಳುತ್ತದೆ. ಎಣ್ಣೆ ವಾರ್ನಿಶ್ ಗಟ್ಟಿಯಾದದ್ದು, ಆದರೆ ಕಾಲ ಕಳೆದಂತೆ ಹಳದಿಯಾಗುತ್ತದೆ. ಬಿಳಿ ತಳಕ್ಕೆ ನೀರಿನ ವಾರ್ನಿಶ್ ಲೇಸು.

ಒಂದು ದಪ್ಪ ಪದರಕ್ಕಿಂತ ಐದು ತೆಳು ಪದರ ಮೇಲು. ಒಂದು ಪದರವನ್ನು ಉದ್ದಕ್ಕೆ, ಮುಂದಿನದನ್ನು ಅಡ್ಡಕ್ಕೆ ಎಳೆಯಿರಿ. ಮೂರು ಪದರಗಳಾದ ಮೇಲೆ 400 ನಂಬರಿನ ಸ್ಯಾಂಡ್‌ಪೇಪರನ್ನು ಒದ್ದೆ ಮಾಡಿ ಹಗುರವಾಗಿ ಆಡಿಸಿ, ಒರೆಸಿ, ಮತ್ತೆ ಹಚ್ಚಿ. ಹಳೆಯ ಕ್ರಮದಲ್ಲಿ ಇಪ್ಪತ್ತು, ಮೂವತ್ತು ಪದರಗಳನ್ನು ಹಚ್ಚಿ ಉಜ್ಜುತ್ತಿದ್ದರು. ಆಗ ಬೆರಳಾಡಿಸಿದರೂ ಕಾಗದದ ಅಂಚು ತಿಳಿಯುತ್ತಿರಲಿಲ್ಲ. ಮನೆಬಳಕೆಯ ಟ್ರೇಗೆ ಆರರಿಂದ ಎಂಟು ಪದರ ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಬಿಳಿ ಅಂಟು, ನೀರಿನ ವಾರ್ನಿಶ್‌ಗಳು ಗಂಟೆಯೊಳಗೆ ಮುಟ್ಟಲು ಒಣಗಿದಂತೆ ಕಾಣುತ್ತವೆ. ಆದರೆ ಒಳಗಿನ ತೇವ ಹೋಗಿ ಪೂರ್ತಿ ಗಟ್ಟಿಯಾಗಲು ಸುಮಾರು ನಾಲ್ಕು ವಾರ ಬೇಕು. ಅದಕ್ಕೆ ಮೊದಲು ಬಳಸಿದ ಟ್ರೇಗೆ ಲೋಟ ಅಂಟಿಕೊಳ್ಳುತ್ತದೆ, ಒಂದರ ಮೇಲೊಂದು ಇಟ್ಟ ಪೆಟ್ಟಿಗೆಗಳು ಕಚ್ಚಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿಯಲ್ಲೇ ನೀರು ತುಂಬಿರುವುದರಿಂದ ಈ ಒಣಗುವಿಕೆ ಇನ್ನೂ ನಿಧಾನ. ವಾರ್ನಿಶ್ ಹಾಲಿನಂತೆ ಬೆಳ್ಳಗೆ ಮಬ್ಬಾಗುವುದೂ ಉಂಟು. ಮೊಂತಿ ಹಬ್ಬದ ಹೊತ್ತಿಗೆ ಕತ್ತರಿಸುವ ಕೆಲಸ ಮುಗಿಸಿ, ಅಕ್ಟೋಬರಿನಲ್ಲಿ ಅಂಟಿಸಿ, ನವೆಂಬರ್ ಮಧ್ಯದೊಳಗೆ ಕೊನೆಯ ಪದರ ಹಚ್ಚಿದರೆ ಕ್ರಿಸ್ಮಸ್‌ಗೆ ಸರಿಯಾಗಿ ವಸ್ತು ಸಿದ್ಧವಾಗುತ್ತದೆ. ಮುಗಿದ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಡಬೇಡಿ. ನಡುವೆ ಬಟರ್ ಪೇಪರ್ ಇಟ್ಟು ಗಾಳಿಯಾಡುವ ಕಪಾಟಿನಲ್ಲಿಡಿ.

ಉಬ್ಬುಚಿತ್ರದ ಕಾರ್ಡು

ಕಾರ್ಡುಗಳಿಗೆ ವಾರ್ನಿಶ್ ಅಗತ್ಯವಿಲ್ಲ. ಇಲ್ಲಿ ಚಿತ್ರವನ್ನು ಪದರ ಪದರವಾಗಿ ಎತ್ತರಿಸುವುದೇ ಸೊಗಸು. ಹೂಬುಟ್ಟಿಯ ಚಿತ್ರವೊಂದನ್ನು ಆರಿಸಿಕೊಂಡು ಅದರ ನಾಲ್ಕು ಪ್ರತಿ ಮಾಡಿಸಿ. ಮೊದಲನೆಯದನ್ನು ಪೂರ್ತಿಯಾಗಿ ಕಾರ್ಡಿನ ಮೇಲೆ ಅಂಟಿಸಿ. ಎರಡನೆಯದರಿಂದ ಹಿನ್ನೆಲೆಯನ್ನು ತೆಗೆದು ಬುಟ್ಟಿ ಮತ್ತು ಹೂಗಳನ್ನು ಮಾತ್ರ ಕತ್ತರಿಸಿ. ಮೂರನೆಯದರಿಂದ ಹೂಗಳನ್ನು, ನಾಲ್ಕನೆಯದರಿಂದ ಎಲ್ಲಕ್ಕೂ ಮುಂದಿರುವ ಒಂದೆರಡು ಹೂಗಳನ್ನು ತೆಗೆದುಕೊಳ್ಳಿ. ಎಸಳುಗಳನ್ನು ಮಡಚಿದ ಬಟ್ಟೆಯ ಮೇಲಿಟ್ಟು ಚಮಚದ ಬೆನ್ನಿನಿಂದ ಒತ್ತಿದರೆ ಅವು ನಿಜವಾದ ಎಸಳಿನಂತೆ ಬಾಗುತ್ತವೆ. ಪ್ರತಿ ಪದರದ ಹಿಂದೆ ಎರಡೂ ಕಡೆ ಅಂಟಿರುವ ಫೋಮ್ ಟೇಪಿನ ಸಣ್ಣ ಚೂರುಗಳನ್ನಿಟ್ಟು, ಕೆಳಗಿನ ಚಿತ್ರಕ್ಕೆ ಸರಿಯಾಗಿ ಹೊಂದಿಸಿ ಕೂರಿಸಿ. ನೀರಿನ ಅಂಟು ಕಾರ್ಡನ್ನು ಬಾಗಿಸುವುದರಿಂದ ಇಲ್ಲಿ ಟೇಪೇ ಒಳ್ಳೆಯದು.

ಇಂಥ ಕಾರ್ಡು ದಪ್ಪ. ಅಂಚೆಯಲ್ಲಿ ಕಳುಹಿಸುವಾಗ ಗಟ್ಟಿ ರಟ್ಟಿನ ಜೊತೆ ದೊಡ್ಡ ಲಕೋಟೆಯಲ್ಲಿಟ್ಟು, ಡಬ್ಬಿಗೆ ಹಾಕದೆ ಅಂಚೆ ಕಚೇರಿಯಲ್ಲೇ ತೂಕ ಮಾಡಿಸಿ ಕೊಡಿ.

ಕೆಲವು ಎಚ್ಚರಿಕೆಗಳು

ಆಹಾರ ನೇರವಾಗಿ ತಾಗುವ ಕಡೆ ಡೆಕೂಪಾಜ್ ಸಲ್ಲದು. ಕುಸ್ವಾರ್ ತುಂಬಿಸಿ ಕೊಡಲು ಡಬ್ಬವನ್ನು ಅಲಂಕರಿಸುವುದಾದರೆ ಹೊರಮೈ ಮಾತ್ರ. ಒಳಗೆ ಬಣ್ಣವೂ ಬೇಡ, ವಾರ್ನಿಶೂ ಬೇಡ, ಬಟರ್ ಪೇಪರ್ ಹಾಸಿ ತಿಂಡಿ ಇಡಿ. ಕಾಗದ ಅಂಟಿಸಿದ ಬಾಟಲಿಯೊಳಗೆ ಮೇಣದ ಬತ್ತಿ ಹಚ್ಚಬೇಡಿ. ಬ್ಯಾಟರಿಯ ಸಣ್ಣ ದೀಪ ಸಾಕು. ಎಣ್ಣೆ ವಾರ್ನಿಶ್, ಥಿನ್ನರ್‌ಗಳನ್ನು ಒಲೆಯ ಹತ್ತಿರ, ಮುಚ್ಚಿದ ಕೋಣೆಯಲ್ಲಿ ಬಳಸಬಾರದು. ಮಕ್ಕಳ ಕೈಗೆ ಬ್ಲೇಡ್ ಕೊಡದೆ ಮೊಂಡು ತುದಿಯ ಕತ್ತರಿ ಕೊಡಿ.

ಗುಂಪಿನಲ್ಲಿ ಕಲಿಸುವವರಿಗೆ, ಮಾರುವವರಿಗೆ

ತರಬೇತಿಯನ್ನು ಒಂದೇ ದಿನದಲ್ಲಿ ಮುಗಿಸಬೇಡಿ ಎಂಬುದು ನಮ್ಮ ವಿನಂತಿ. ಮೊದಲ ಭಾನುವಾರ ಪೂಜೆಯ ನಂತರ ತಳದ ಸಿದ್ಧತೆ ಮತ್ತು ಕತ್ತರಿಸುವುದು. ಎರಡನೆಯ ಭಾನುವಾರ ಅಂಟಿಸುವುದು. ವಾರವಿಡೀ ಮನೆಯಲ್ಲಿ ದಿನಕ್ಕೊಂದು ಪದರ ವಾರ್ನಿಶ್. ಮೂರನೆಯ ಭಾನುವಾರ ಒಬ್ಬರ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸುವುದು. ಹೀಗೆ ಕಲಿತವರು ಒಣಗಲು ಬಿಡುವ ತಾಳ್ಮೆಯನ್ನೂ ಕಲಿಯುತ್ತಾರೆ.

ಮಾರಾಟಕ್ಕೆ ಮುನ್ನ ಒಂದು ಮಾದರಿ ತುಂಡು ಮಾಡಿ. ಅದೇ ಮರ, ಅದೇ ಅಂಟು, ಅದೇ ವಾರ್ನಿಶ್. ನಾಲ್ಕು ವಾರ ಕಳೆದ ಮೇಲೆ ಅದರ ಮೇಲೆ ಒದ್ದೆ ಬಟ್ಟೆಯನ್ನು ಒಂದು ಗಂಟೆ ಇಡಿ, ಬಿಸಿ ಚಹಾದ ಲೋಟವನ್ನೂ ಇಟ್ಟು ನೋಡಿ. ಅಂಚು ಏಳದಿದ್ದರೆ, ಕಲೆ ಉಳಿಯದಿದ್ದರೆ ಮಾರಲು ಅಡ್ಡಿಯಿಲ್ಲ. ಎದ್ದರೆ ಪದರ ಹೆಚ್ಚಿಸಿ ಮತ್ತೆ ನೋಡಿ. ಪ್ರತಿ ವಸ್ತುವಿನ ಜೊತೆ 'ಒದ್ದೆ ಬಟ್ಟೆಯಿಂದ ಒರೆಸಿ, ನೀರಿನಲ್ಲಿ ಮುಳುಗಿಸಬೇಡಿ' ಎಂಬ ಚೀಟಿ ಇರಲಿ.

ಚಿತ್ರದ ಹಕ್ಕಿನ ಬಗ್ಗೆಯೂ ಗಮನವಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾವಿದನ ಚಿತ್ರಕ್ಕೆ ಅವನ ಜೀವಿತಾವಧಿ ಮತ್ತು ಮರಣದ ನಂತರ 60 ವರ್ಷ ರಕ್ಷಣೆ ಇದೆ. ಮನೆಯ ಬಳಕೆಗೆ ಒಂದು ಕ್ಯಾಲೆಂಡರ್ ಚಿತ್ರ ಅಂಟಿಸುವುದು ಬೇರೆ, ಅದೇ ಚಿತ್ರದ ನೂರು ಪ್ರತಿ ತೆಗೆಸಿ ಮಾರುವುದು ಬೇರೆ. ಸ್ವಂತ ಫೋಟೋ, ನಮ್ಮ ಮಕ್ಕಳು ಬಿಡಿಸಿದ ಚಿತ್ರ, ಅಜ್ಜಿ ಹಾಕಿದ ಕಸೂತಿಯ ಝೆರಾಕ್ಸ್ ಬಳಸಿದರೆ ಯಾರ ತಕರಾರೂ ಇಲ್ಲ, ವಸ್ತುವೂ ಬೇರೆಲ್ಲೂ ಸಿಗದಂಥದ್ದಾಗುತ್ತದೆ.

ಬೆಲೆ ಕಟ್ಟುವಾಗ ಅನೇಕರು ಅಂಟು ಮತ್ತು ಬಣ್ಣದ ಖರ್ಚನ್ನಷ್ಟೇ ಲೆಕ್ಕ ಹಾಕುತ್ತಾರೆ. ಕತ್ತರಿಸಿದ, ಉಜ್ಜಿದ, ಪದರ ಹಚ್ಚಿದ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಅದಕ್ಕೆ ನ್ಯಾಯವಾದ ಕೂಲಿಯನ್ನು ಸೇರಿಸಿ. ಮನೆಯಲ್ಲಿ ಕುಳಿತು ಮಾಡಿದ ಕೆಲಸವೂ ಕೆಲಸವೇ. ಸಂಘಟನೆಯ ಸಹಾಯಾರ್ಥ ಮಾರಾಟವಾದರೆ ಶ್ರಮವನ್ನು ದಾನವಾಗಿ ಕೊಡಬಹುದು. ಆದರೆ ಅದು ಎಷ್ಟು ಎಂಬುದು ಕೊಟ್ಟವರಿಗೂ ಪಡೆದವರಿಗೂ ತಿಳಿದಿರಲಿ.

ಈ ವರ್ಷ ಮನೆಯ ಒಂದೇ ಒಂದು ಸಣ್ಣ ವಸ್ತುವಿನಿಂದ ಆರಂಭಿಸಿ. ಅದನ್ನು ಮಾರಬೇಡಿ, ಯಾರಿಗೂ ಕೊಡಬೇಡಿ. ಅಡುಗೆಮನೆಯಲ್ಲೋ ಚಾವಡಿಯಲ್ಲೋ ದಿನವೂ ಬಳಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಅಂಚುಗಳನ್ನು ಆಗಾಗ ನೋಡುತ್ತಿರಿ. ಎಲ್ಲಿ ಎದ್ದಿತು, ಎಲ್ಲಿ ನಿಂತಿತು ಎಂಬುದನ್ನು ಅದೇ ನಿಮಗೆ ಕಲಿಸುತ್ತದೆ. ಅದು ಮಳೆಗಾಲ ದಾಟಿತೆಂದರೆ ಮುಂದಿನ ಕ್ರಿಸ್ಮಸ್‌ಗೆ ಹತ್ತು ಟ್ರೇ ಮಾಡಿ ಧೈರ್ಯವಾಗಿ ಮಾರಾಟದ ಮೇಜಿನ ಮೇಲಿಡಬಹುದು.